ವಿಮಾನದ ಕಂಬಳಿಗೆ ಗಂಜಿ

ಹೂವಿನ ಹಿಪ್ಪರಗಿಯ ಕುರುಬರ ಓಣಿಗೆ ಬಂದು ರೇವವ್ವನ ಮನೆ ಯಾವುದೆಂದು ಕೇಳಿದರೆ ಯಾರೂ ಕೈ ಮಾಡಿ ತೋರಿಸುತ್ತಿರಲಿಲ್ಲ. ‘ವಾಸನಿ ಹಿಡಕೊಂಡ ಹೋಗ್ರಿ, ಸಿಗತೈತಿ’ ಎನ್ನುತ್ತಿದ್ದರು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ದೊಡ್ಡ ಗಡಿಗೆಯಲ್ಲಿ ಗಂಜಿ ಕಾಸುವ ವಾಸನೆ ಅದು. ನೇಯ್ದ ಕಂಬಳಿಗೆ ಈ ಗಂಜಿ ಬಳಿದು ಬಿಸಿಲಿಗೆ ಹಾಸಿದರೆ ಕಂಬಳಿ ಬಿರುಸಾಗುತ್ತದೆ. ಎಂಥ ಮಳೆಯಲ್ಲೂ ನೀರು ಒಳಗಿಳಿಯದೆ ಮೇಲಿಂದ ಮೇಲೆಯೇ ಜಾರಿ ಹೋಗುತ್ತದೆ. ಗಂಜಿಯನ್ನು ಓಣಿಯ ಎಲ್ಲ ಹೆಂಗಸರೂ ಕಾಸುತ್ತಿದ್ದರು. ಆದರೆ ರೇವವ್ವನ ಹದ ಇನ್ನೊಬ್ಬರಿಗೆ ಕೈಹತ್ತಲಿಲ್ಲ. ಆಕೆಗೆ ಹೆಸರು ತಂದದ್ದು ಆ ಹದ, ಆಕೆಯನ್ನು ಬೀದಿಗೆ ತಂದದ್ದೂ ಅದೇ.

ಸಿಂದಗಿ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿದವಳು ಎಂದು ಜನ ಹೇಳುತ್ತಿದ್ದರು. ಮನೆ ಎಲ್ಲಿತ್ತು, ಮಣ್ಣು! ಕುರಿ ಹಿಂಡಿನ ಹಿಂದೆ ಅವಳವ್ವ ನಡೆಯುತ್ತಿದ್ದಾಗ ಇಂಡಿ ಊರಿನ ಹತ್ತಿರದ ಯಾರದೋ ಹೊಲದ ಬದುವಿನ ಮೇಲೆ ಹುಟ್ಟಿದವಳು. ಬಾಲ್ಯವೆಲ್ಲ ನಡೆದದ್ದೇ ನಡೆದದ್ದು. ಒಂದೂರಲ್ಲಿ ರೊಟ್ಟಿ ತಿಂದರೆ ಇನ್ನೊಂದೂರಲ್ಲಿ ನೀರು. ಮದುವೆಯ ಮಾತು ಬಂದಾಗ ಹುಡುಗಿ ವರನ ಬಣ್ಣ ಕೇಳಲಿಲ್ಲ, ಎತ್ತರ ಕೇಳಲಿಲ್ಲ. ‘ಅವರು ಕುರಿ ಕಾಯ್ತಾರೋ, ಮಗ್ಗ ನಡಸ್ತಾರೋ’ ಎಂದು ಅಷ್ಟೇ ಕೇಳಿದಳು. ಮಗ್ಗ ಎಂದರು, ಒಪ್ಪಿದಳು. ಕಂಬಳಿಯ ಮಗ್ಗವನ್ನು ನೆಲದಲ್ಲಿ ಕುಣಿ ತೋಡಿ ಹೂಡುತ್ತಾರೆ. ಆ ಕುಣಿಯನ್ನು ಕತ್ತೆಯ ಮೇಲೆ ಹೇರಿಕೊಂಡು ಊರೂರು ತಿರುಗಲು ಬರುವುದಿಲ್ಲ ಎಂಬುದೊಂದು ಅವಳಿಗೆ ಸಾಕಾಗಿತ್ತು.

ಗಂಡ ಸಿದ್ದರಾಯ ಮಾತು ಕಡಿಮೆಯ ಆಳು. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಅವನ ಮಗ್ಗದ ಸಪ್ಪಳ ಕೇಳುತ್ತಿದ್ದರೆ ರೇವವ್ವನಿಗೆ ನೂಲುವ ಕೈ ತಾನೇ ಓಡುತ್ತಿತ್ತು. ಒಬ್ಬಳೇ ಮಗಳು ಚಂದವ್ವ. ಅವಳನ್ನು ಮುದ್ದೇಬಿಹಾಳದ ಕಡೆ ಕೊಟ್ಟರು. ಅಷ್ಟು ಹೊತ್ತಿಗೆ ಕಂಬಳಿಯ ಕಾಲ ಮುಗಿಯುತ್ತ ಬಂದಿತ್ತು. ಸಂತೆಯಲ್ಲಿ ಗಿರಣಿಯ ರಗ್ಗು ಬಂತು, ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಹಾಳೆ ಬಂತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಒಂದು ದಿನ ಸಿದ್ದರಾಯನೂ ಕೂಲಿಯಾಳು ಕೂಡಿಸಿ ಒಯ್ಯುವ ಮುಕಾದಮನ ಹಿಂದೆ ಆಲಮಟ್ಟಿಗೆ ಹೋದ, ಆಣೆಕಟ್ಟಿನ ಕೆಲಸದಲ್ಲಿ ಕಲ್ಲು ಒಡೆಯಲು.

ದುಡಿಯಲು ಪರಸ್ಥಳಕ್ಕೆ ಹೋಗುವುದು ಊರಿಗೆ ಹೊಸದಲ್ಲ ನಿಜ. ಆದರೆ ರೇವವ್ವನಿಗೆ ಅದು ಮೋಸ ಅನ್ನಿಸಿತು. ತಿರುಗಾಟ ಸಾಕಾಗಿ ಕುಣಿಮಗ್ಗದ ಮನೆ ಹುಡುಕಿ ಬಂದವಳು ಅವಳು. ಈಗ ಮಗ್ಗ ಮನೆಯಲ್ಲಿತ್ತು, ನೇಯುವವನು ತಿರುಗುತ್ತಿದ್ದ. ಸಿದ್ದರಾಯ ಅಮಾವಾಸ್ಯೆಗೊಮ್ಮೆ ಬರುತ್ತಿದ್ದ. ಬಂದಾಗೆಲ್ಲ ಸ್ವಲ್ಪ ಹೆಚ್ಚು ಕೆಮ್ಮುತ್ತಿದ್ದ. ಅವನು ಹೋದ ಮೇಲೆ ಅವಳು ಕುಣಿಯೊಳಗೆ ಇಳಿದು ಕಸ ಗುಡಿಸುತ್ತಿದ್ದಳು. ಯಾರೂ ಕಾಲಿಡದ ಜಾಗದಲ್ಲಿ ಕಸ ಎಲ್ಲಿಂದ ಬರಬೇಕು? ಆದರೂ ಗುಡಿಸುತ್ತಿದ್ದಳು.

ಅರಬರು ಎಣ್ಣೆಯ ಬೆಲೆ ಏರಿಸಿದರೆಂದು ದೇಶವೆಲ್ಲ ಬೊಬ್ಬೆ ಹೊಡೆಯುತ್ತಿದ್ದ ವರ್ಷ. ಸಂಕ್ರಾಂತಿ ಕಳೆದಿತ್ತು. ಉಣ್ಣೆ ನೇಕಾರರ ಸೊಸೈಟಿಯ ಅಧ್ಯಕ್ಷ ಧೂಳಪ್ಪ, ಅಂದರೆ ಸಿದ್ದರಾಯನ ಕಾಕಾ, ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

“ರೇವವ್ವಾ, ಸಿದ್ದರಾಯಗ ಹೇಳಿ ಕಳಸು. ಮಗ್ಗಕ್ಕ ಕೆಲಸ ಬಂದೈತಿ. ಇಮಾನದ ಕೆಲಸ.”

“ಇಮಾನಕ್ಕ ಮಗ್ಗ ಯಾಕ ಬೇಕು ಮಾವಾ?”

“ಒಳಗ ಕುಂತವರಿಗೆ ಥಂಡಿ ಆಗತೈತಂತ. ಹೊದಿಯಾಕ ಕಂಬಳಿ ಬೇಕಂತ. ಸರ್ಕಾರದ ಇಮಾನ ಕಂಪನಿ, ಸಣ್ಣದಲ್ಲ. ಸಾಹೇಬರ ಖುದ್ದ ಬರ್ತಾರ.”

ಸಾಹೇಬರು ಬಂದರು. ಜೀಪಿನ ತುಂಬ ಧೂಳು, ಸಾಹೇಬರ ತುಂಬ ಧೂಳು. ಮುಂಬೈಯ ಕಚೇರಿಯವರಾದರೂ ತಾಯಿಯ ತವರು ಧಾರವಾಡವಂತೆ, ಮಾತು ನಮ್ಮ ಕಡೆಯದೇ. ಸೊಸೈಟಿಯ ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ ಕುಳಿತರು. ಕುಳಿತಲ್ಲಿಂದ ಕಾಲು ಕೆರೆದುಕೊಂಡರು. ರೇವವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಅವರು ತಂಬಿಗೆ ಕೆಳಗಿಳಿಸದೆ ಕುಡಿದರು. ಕಣ್ಣು ಕೆಂಪಾಗಿದ್ದವು. ಅಷ್ಟೆತ್ತರ ಹಾರುವ ಕಂಪನಿಯ ಮನುಷ್ಯ ಹೀಗೆ ಬಸವಳಿದು ಬಂದಾನೆಂದು ಅವಳು ಅಂದುಕೊಂಡಿರಲಿಲ್ಲ. ಅವಳಿಗೆ ಪಾಪ ಅನ್ನಿಸಿತು.

“ನೋಡ್ರಿ, ಕಂಪನಿ ಸರ್ಕಾರದ್ದು,” ಎಂದು ಅವರು ಶುರು ಮಾಡಿದರು. “ಹೊಸಾ ದೊಡ್ಡ ವಿಮಾನ ಕೊಳ್ಳಾಕ ಸಾಲ ಎತ್ತೇವಿ, ಸಾಲಕ್ಕ ಸರ್ಕಾರನ ಜಾಮೀನ. ಅರಬ ದೇಶ, ಲಂಡನ್, ಅಮೆರಿಕಾ ತನಕ ಹಾರಸ್ತೇವಿ. ಪರದೇಶದ ಕಂಪನಿಗೋಳ ಜೋಡಿ ಜಿದ್ದಿಗೆ ಬಿದ್ದು ಮಂದೀನ ನಮ್ಮ ಕಡೆ ಎಳಕೋಬೇಕು. ಡಾಲರ್ ತರಬೇಕು.”

“ಸರ್ಕಾರನ ಜಾಮೀನ ನಿಂತ ಮ್ಯಾಲ ನಿಮಗೇನ ಚಿಂತಿರಿ?” ಎಂದ ಧೂಳಪ್ಪ.

“ಜಾಮೀನ ನಿಂತಾವ ಸುಮ್ನ ಕುಂದರ್ತಾನೇನ್ರಿ? ದಿನಾ ಬಂದು ಬಾಗಲಾ ಬಡೀತಾನ. ಒಬ್ಬ ಮಂತ್ರಿ ಎಷ್ಟ ಗಳಿಸಿದ್ರಿ ಅಂತಾನ. ಇನ್ನೊಬ್ಬ ಮಂತ್ರಿ ದೇಶದ ರೊಕ್ಕದಾಗ ಹಾರ್ತೀರಿ, ಹಳ್ಳಿ ಮಂದಿಗೆ ಏನ ಕೊಟ್ರಿ ಅಂತಾನ. ಹಿಂಗಾಗಿ ಹೊದಿಕಿ ಹಳ್ಳಿ ನೇಕಾರರ ಕಡಿಂದನ ತಗೋರಿ ಅಂತ ಹುಕುಂ ಆಗೇತಿ. ಅವರನ್ನೂ ಸಮಾಧಾನ ಮಾಡಬೇಕು, ಇವರನ್ನೂ ಸಮಾಧಾನ ಮಾಡಬೇಕು. ಇಬ್ಬರ ನಡುವ ನಾ ತಿರಗಾಕತ್ತೇನಿ.”

ಪಾಪದ ಮನುಷ್ಯ, ಎರಡು ಅತ್ತೆಯರ ಸೊಸೆ ಎಂದುಕೊಂಡಳು ರೇವವ್ವ.

ಸಾಹೇಬರ ಷರತ್ತು ಹೆಚ್ಚೇನಿರಲಿಲ್ಲ. ಕಂಬಳಿ ಹಗುರವಿರಬೇಕು, ಎಣ್ಣೆ ತುಟ್ಟಿಯಾದ ಮೇಲೆ ವಿಮಾನದಲ್ಲಿ ಒಂದು ತಂಬಿಗೆ ನೀರು ಹೆಚ್ಚಿಗೆ ಒಯ್ದರೂ ಮೇಲಿನವರು ಪ್ರಶ್ನೆ ಮಾಡುತ್ತಾರೆ. ಮೆತ್ತಗಿರಬೇಕು. ಬಣ್ಣ ಹಾಕಬಾರದು, ಕುರಿಯ ಮೈಬಣ್ಣವೇ ಇದ್ದರೆ ಪರದೇಶದವರು ಮೆಚ್ಚುತ್ತಾರೆ. ಒಂದು ಮೂಲೆಯಲ್ಲಿ ಕೆಂಪು ದಾರದಿಂದ ಹಾರುವ ಹಕ್ಕಿ ಹೊಲಿಯಬೇಕು. ಮಾದರಿಗೆ ಒಂದು ಕಂಬಳಿ ನೇಯ್ದು ಕೊಡಿ, ಅದನ್ನು ತೋರಿಸಿ ಮೇಲಿನವರನ್ನು ಒಪ್ಪಿಸುತ್ತೇನೆ ಎಂದು ಬಾಗೇವಾಡಿಯ ಪ್ರವಾಸಿ ಮಂದಿರದಲ್ಲಿ ಉಳಿದುಕೊಂಡರು.

ಸಿದ್ದರಾಯ ಆಲಮಟ್ಟಿಯಿಂದ ಬಂದವನೇ ಕಾಲು ತೊಳೆದು ಕುಣಿಗೆ ಇಳಿದ. ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನೇ ಆರಿಸಿ ರೇವವ್ವ ನೂತಿದ್ದಳು. ಅವನು ಬಿಗಿಯಾಗಿ ಬಡಿಯದೆ ಸಡಿಲಾಗಿ ನೇಯ್ದ. ಕಂಬಳಿ ಮಗ್ಗದಿಂದ ಇಳಿಯುವುದಕ್ಕೂ ಜೀಪು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಸಾಹೇಬರು ಅದನ್ನು ಕೆನ್ನೆಗೆ ಹಚ್ಚಿಕೊಂಡು ನೋಡಿದರು, ನಕ್ಕರು, ಇದ ಬೇಕಾಗಿತ್ತು ನನಗ ಎಂದು ಮಡಚಿ ಜೀಪಿನೊಳಗಿಟ್ಟರು. ಇನ್ನೂ ಗಂಜಿ ಆಗಿಲ್ರಿ ಎಂದು ರೇವವ್ವ ಅಂದದ್ದು ಇಂಜಿನ್ನಿನ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಮನೆಗೆ ಬಂದ ಅತಿಥಿಗೆ ಬೇಯದ ರೊಟ್ಟಿ ಕಟ್ಟಿಕೊಟ್ಟಷ್ಟು ನಾಚಿಕೆಯಾಯಿತು ಅವಳಿಗೆ.

ನಡೆದದ್ದು ಇಷ್ಟೇ. ಸಾಹೇಬರಿಗೆ ಗಂಜಿ ಎಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲ, ಆದ್ದರಿಂದ ಬೇಡ ಎನ್ನಲಿಲ್ಲ. ಓಣಿಯವರಿಗೆ ಗಂಜಿ ಇಲ್ಲದ ಕಂಬಳಿ ಎಂಬುದೊಂದು ಇರಬಹುದೆಂದೇ ಗೊತ್ತಿರಲಿಲ್ಲ, ಆದ್ದರಿಂದ ಬೇಕೇ ಎಂದು ಕೇಳಲಿಲ್ಲ. ಅವರು ಒಯ್ದದ್ದು ಅವರ ಕಣ್ಣಿಗೆ ಪೂರ್ತಿಯಾದ ಕಂಬಳಿ, ಇವರ ಕಣ್ಣಿಗೆ ಅರ್ಧ ಮಾಡಿದ ಕೆಲಸ.

ಆರ್ಡರ್ ಬಂತು. ನಿಂತ ಮಗ್ಗಗಳೆಲ್ಲ ಎದ್ದವು. ಧೂಳಪ್ಪ ಸಿಂದಗಿ ಕಡೆಯಿಂದ ಉಣ್ಣೆ ತರಿಸಿದ. ಈ ಸಲ ಕೊಟ್ಟದ್ದು ಮೆಚ್ಚಿಗೆಯಾದರೆ ಪ್ರತಿ ವರ್ಷವೂ ಕೆಲಸ ಎಂದು ಸಾಹೇಬರು ಹೇಳಿ ಕಳಿಸಿದ್ದರು. ಪ್ರತಿ ವರ್ಷ! ರೇವವ್ವ ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಓಡಾಡಿದಳು. ಪ್ರತಿ ವರ್ಷ ಎಂದರೆ ಆಲಮಟ್ಟಿ ಇಲ್ಲ, ಮುಕಾದಮ ಇಲ್ಲ, ಕೆಮ್ಮು ಇಲ್ಲ. ಸಿದ್ದರಾಯ ಮಗ್ಗದ ಮನೆಯ ಚಾವಣಿ ಸೋರದಿರಲೆಂದು ಮಾಳಿಗೆಗೆ ಹೊಸ ಮಣ್ಣು ಹಾಕಿದ. ಕಲ್ಲು ಒಡೆಯುವ ಸುತ್ತಿಗೆಯನ್ನು ಅಟ್ಟದ ಮೇಲೆ ಎಸೆದ. ಅದು ಅಲ್ಲಿ ಬಿದ್ದ ಸಪ್ಪಳ ಕೇಳಿ ರೇವವ್ವನಿಗೆ ಮೈ ಹಗುರಾಯಿತು.

ಹಕ್ಕಿ ಹೊಲಿಯುವ ಕೆಲಸ ಓಣಿಯ ಹೆಂಗಸರಿಗೆ ಬಿತ್ತು. ಹಾರುವ ಹಕ್ಕಿ ಎಂದು ಹೇಳಿದ್ದರು, ಇವರ ಕೈಯಲ್ಲಿ ಅದು ತಿಪ್ಪೆ ಕೆದರುವ ಕೋಳಿಯಾಯಿತು. ಗಂಜಿಯ ಕೆಲಸವೆಲ್ಲ ರೇವವ್ವನಿಗೆ. ಇಂಥ ದೊಡ್ಡ ಕೆಲಸಕ್ಕೆ ಬೇರೆ ಕೈ ಬೇಡ ಎಂದು ಧೂಳಪ್ಪನೇ ಹೇಳಿದ್ದ.

ಮೊದಲ ಗಡಿಗೆ ಒಲೆಗೆ ಏರಿಸುವಾಗ ಸಿದ್ದರಾಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಮೆತ್ತಗ ಇರ್ಲಿ ಅಂದಿದ್ರು ಸಾಹೇಬ್ರು. ಗಂಜಿ ಸ್ವಲ್ಪ ತೆಳ್ಳಗ ಮಾಡ್ತೀಯೇನ?”

ರೇವವ್ವ ಅದನ್ನು ಯೋಚಿಸದೆ ಇರಲಿಲ್ಲ. ಹುಣಸೆ ಬೀಜ ತಂದು ಕೊಡುತ್ತಿದ್ದ ಪಿಂಜಾರ ಓಣಿಯ ಸಗೀರಾಳನ್ನು ಮುಂಜಾನೆಯೇ ಕೇಳಿದ್ದಳು. ಸಗೀರಾಳ ಮೈದುನ ಅಬ್ದುಲಗನಿ ಮುಂಬೈ ನೋಡಿ ಬಂದವನು. ವಿಮಾನ ಮೋಡದೊಳಗೆ ಹೊಕ್ಕದ್ದನ್ನು ಅವನು ಕಣ್ಣಾರೆ ಕಂಡಿದ್ದ; ಹೊಕ್ಕದ್ದು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವಂತೆ.

“ತೆಳ್ಳಗ ಮಾಡಂಗಿಲ್ರಿ,” ಎಂದಳು ರೇವವ್ವ. “ದಪ್ಪ ಮಾಡಾಕಿ ನಾ. ಮೋಡದಾಗ ಹೋಗತೈತಂತ ಇಮಾನ. ಮಳಿ ಹುಟ್ಟೂ ಜಾಗಾದಾಗ ಹೊಂಟಾವರಿಗೆ ತೆಳ್ಳನ ಗಂಜಿ ಹಚ್ಚಿ ಕೊಡಬೇಕೇನ್ರಿ?”

“ಇಮಾನಕ್ಕ ಮಾಳಿಗಿ ಇರತೈತಿ ರೇವಿ.”

“ಬಾಗೇವಾಡಿ ಬಸ್ಸಿಗಿ ಇಲ್ಲೇನ್ರಿ ಮಾಳಿಗಿ? ಹ್ವಾದ ಮಳಿಗಾಲದಾಗ ಕೊಡಿ ಹಿಡಕೊಂಡ ಕುಂತಿದ್ದೆವು ಒಳಗ. ಸರ್ಕಾರದ ಬಸ್ಸ ಸೋರತೈತಿ, ಸರ್ಕಾರದ ಇಮಾನ ಸೋರಂಗಿಲ್ಲ ಅಂತ ಏನ ಖಾತ್ರಿ?”

ಸಿದ್ದರಾಯ ಯೋಚಿಸಿದ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಬಹಳ ದಿನಗಳ ಮೇಲೆ ಅವನು ಹೊಟ್ಟೆ ತುಂಬ ನಕ್ಕದ್ದು ಅವತ್ತೇ. “ಹಾಕು ಹಂಗಾರ, ಪಾಪ, ನೆಂದಾವು ಕೂಸು ಕುನ್ನಿ,” ಎಂದು ಮಗ್ಗಕ್ಕೆ ಹೋದ.

ಆ ಬೇಸಿಗೆ ರೇವವ್ವ ಬೆಂದಳು. ಮೇಲೆ ಬಿಸಿಲು, ಮುಂದೆ ಒಲೆ. ಬೀಸಿ ಬೀಸಿ ಅಂಗೈ ಬೊಬ್ಬೆ ಎದ್ದವು, ಬೊಬ್ಬೆ ಒಡೆದ ಕೈಯಲ್ಲೇ ಬಿಸಿ ಗಂಜಿ ಬಳಿದಳು. ಹುಳ ಬೀಳದಿರಲೆಂದು ಬೇವಿನ ಸೊಪ್ಪು ಅರೆದು ಬೆರೆಸಿದಳು. ಒಂದು ಸಲ ಬಳಿದು ಒಣಗಿಸಿ, ಮೋಡದ ನೆನಪಾಗಿ ಇನ್ನೊಂದು ಸಲ ಬಳಿದಳು. ಸಂಜೆಗೆ ಸೊಂಟ ಎತ್ತಲು ಬರುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತರೆ ಒಳಗಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು, ಆ ದಣಿವು ಅವಳಿಗೆ ದಣಿವೆನಿಸುತ್ತಿರಲಿಲ್ಲ. ಕಂಡರಿಯದ ಯಾರದೋ ತಾಯಿ, ಯಾರದೋ ಮಗು, ಆಕಾಶದಲ್ಲಿ ಕುಳಿತು ತನ್ನ ಕಂಬಳಿಯ ಕೆಳಗೆ ಬೆಚ್ಚಗಿರುತ್ತಾರೆ ಎಂದು ನೆನೆದು ತನ್ನೊಳಗೇ ಹಿಗ್ಗುತ್ತಿದ್ದಳು.

ರೋಹಿಣಿ ಮಳೆ ಬೀಳುವ ಮೊದಲು ಗಂಟುಗಳನ್ನು ಗಾಡಿಗೆ ಹೇರಿ ಸ್ಟೇಶನ್ನಿಗೆ ಸಾಗಿಸಿದರು. ಗಂಟು ಭಾರವಾಗಿದ್ದವು. ನೋಡ್ರಿ ಹ್ಯಾಂಗ ತೂಗತಾವ ಎಂದು ಧೂಳಪ್ಪ ಹೆಮ್ಮೆಯಿಂದಲೇ ಹೇಳಿದ. ಹಗುರ ಇರಬೇಕು ಎಂದ ಮಾತು ಅಷ್ಟು ಹೊತ್ತಿಗೆ ಎಲ್ಲರ ತಲೆಯಿಂದ ಹಾರಿಹೋಗಿತ್ತು. ನಮ್ಮಲ್ಲಿ ಭಾರವಾದದ್ದೇ ಒಳ್ಳೆಯ ಕಂಬಳಿ. ಹುಟ್ಟಿನಿಂದ ಕಲಿತದ್ದನ್ನು ಒಂದು ಜೀಪು ಬಂದು ಹೋದ ಮಾತ್ರಕ್ಕೆ ಯಾರು ಮರೆಯುತ್ತಾರೆ?

ಮಳೆಗಾಲ ಹೋಯಿತು. ದೀಪಾವಳಿಯೂ ಹೋಯಿತು. ಮುಂದಿನ ವರ್ಷದ ಕೆಲಸದ ಸುದ್ದಿ ಬರಲಿಲ್ಲ. ಬಂದದ್ದು ಜೀಪು.

ಸಾಹೇಬರು ಇಳಿದರು. ಈ ಸಲ ಇನ್ನಷ್ಟು ಇಳಿದುಹೋಗಿದ್ದರು. ಹಿಂದಿನ ಸೀಟಿನಿಂದ ಒಂದು ಕಂಬಳಿ ತೆಗೆದು ಸೊಸೈಟಿಯ ಪಡಸಾಲೆಯಲ್ಲಿ ನಿಲ್ಲಿಸಿದರು. ನಿಲ್ಲಿಸಿದರು ಎಂದರೆ ನಿಜವಾಗಿಯೇ ನಿಲ್ಲಿಸಿದರು. ಅದು ಗೋಡೆಯ ಆಸರೆಯಿಲ್ಲದೆ ಹಲಗೆಯ ಹಾಗೆ ನಿಂತಿತು. ಓಣಿಯ ಮುದುಕರೊಬ್ಬರು ‘ಭಪ್ಪರೆ, ಏನ ಗಂಜಿ!’ ಎಂದು ಉದ್ಗಾರ ತೆಗೆದರು.

“ಇದನ್ನ ಹೊದ್ದಾಕಿ ಒಬ್ಬಾಕಿ ಪರದೇಶದ ಹೆಣ್ಮಗಳು ಮೈ ತುಂಬ ಕೆಂಪಾಗಿ ಇಳದಾಳ,” ಎಂದರು ಸಾಹೇಬರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೂ ಶಕ್ತಿ ಉಳಿದಿರಲಿಲ್ಲ. “ಒಳಗ ಬೇವು, ಹುಣಸಿ, ಕುರಿ, ಎಲ್ಲಾ ಕೂಡಿ ವಾಸನಿ. ತೊಳದ್ರ ಹೋದೀತು ಅಂತ ತೊಳಿಯೂ ಮಶೀನಿಗೆ ಹಾಕಿದ್ವಿ. ಮಶೀನ ತುಂಬ ಅಂಬಲಿ ಆಗಿ ಕುಂತಿತು. ತೂಕಾ ಮಾಡಿದ್ರ ನಾ ಒಯ್ದ ಮಾದರಿಗಿಂತ ಎರಡು ಪಟ್ಟು. ಯಾರ ಹೇಳಿದ್ರಿ ನಿಮಗ ಇದನ್ನ ಹಚ್ಚರಿ ಅಂತ?”

ಧೂಳಪ್ಪ ನೆಲ ನೋಡಿದ. ಸಿದ್ದರಾಯ ಬಾಯಿ ತೆರೆಯುವುದರೊಳಗೆ ರೇವವ್ವ ಕಂಬದ ಹಿಂದಿನಿಂದ ಮುಂದೆ ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅವಳಿಗೆ ಕೇಳಬೇಕಾದದ್ದು ಒಂದೇ ಇತ್ತು.

“ಇಮಾನ ಸೋರಂಗಿಲ್ಲೇನ್ರೀ?”

ಸಾಹೇಬರು ಅವಳನ್ನು ನೋಡಿದರು. ಆ ನಿಂತ ಕಂಬಳಿಯನ್ನು ನೋಡಿದರು. ಜೊತೆಗೆ ಬಂದ ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ನಗಲಿಲ್ಲ.

“ಸೋರಂಗಿಲ್ಲವ್ವಾ,” ಎಂದರು. ಆಮೇಲೆ ಮೂಲೆಯ ಕೆಂಪು ಕೋಳಿಯ ಮೇಲೆ ಬೆರಳಾಡಿಸುತ್ತ, “ಮೊದಲ ನಾ ಹೇಳಬೇಕಾಗಿತ್ತು,” ಎಂದರು.

ರೇವವ್ವ ಅಲ್ಲಿಯೇ ಕುಳಿತಳು. ಓಣಿಯ ಮಗ್ಗಗಳನ್ನೆಲ್ಲ ತಾನೊಬ್ಬಳೇ ನಿಲ್ಲಿಸಿದೆ ಎಂಬುದು ಅವಳಿಗೆ ಆಗ ತಿಳಿಯಿತು.

“ಇನ್ನೊಮ್ಮಿ ಕೊಡ್ರಿ ಸಾಹೇಬರ,” ಎಂದ ಸಿದ್ದರಾಯ. ಅವನು ಯಾರನ್ನೂ ಏನನ್ನೂ ಬೇಡಿದವನಲ್ಲ. “ಗಂಜಿ ಇಲ್ಲದ್ದ ಮಾಡಿ ಕೊಡ್ತೇವ್ರಿ. ನೀವು ಮಾದರಿಗೆ ಒಯ್ದದ್ದೂ ಹಂಗ ಇತ್ತು, ನೋಡೀರಿ.”

“ಈಗ ಕೇಳೂ ಮಂತ್ರಿನ ಬದಲಿ ಆಗ್ಯಾನ,” ಎಂದರು ಸಾಹೇಬರು. “ಹಳ್ಳಿಗೆ ಏನ ಕೊಟ್ರಿ ಅಂತ ಕೇಳತಿದ್ದಾವ ಹೋದ. ಎಷ್ಟ ಗಳಿಸಿದ್ರಿ ಅಂತ ಕೇಳಾವ ಒಬ್ಬನ ಉಳದಾನ. ಸರ್ಕಾರ ಎಷ್ಟಂತ ಕೈ ಹಿಡಿಬೇಕು, ನಿಮ್ಮ ಕಾಲ ಮ್ಯಾಲ ನೀವು ನಿಲ್ರಿ ಅಂದಾನ. ಉತ್ತರದ ಕಡೆ ಗಿರಣಿಯವರು ನೈಲಾನ್ ಕೂಡಿಸಿ ಹೊದಿಕಿ ಮಾಡ್ತಾರ. ಹಗುರ, ಸೋವಿ, ವಾಸನಿಲ್ಲ. ಅವರಿಗೆ ಹೋತು ಕೆಲಸ. ನನ್ನ ಕೈಯಾಗ ಏನೂ ಉಳಿದಿಲ್ರೆಪ್ಪಾ.”

ಕೊಟ್ಟ ಕಂಬಳಿಯ ಹಣಕ್ಕೆ ತೊಂದರೆಯಿಲ್ಲ, ಅದು ಮುಟ್ಟಿದೆ. ಮಾಲನ್ನು ಹಿಂದೆ ಕಳಿಸುವುದಿಲ್ಲ, ಸರ್ಕಾರವೇ ಬೇರೆಲ್ಲಾದರೂ ಉಪಯೋಗಿಸುತ್ತದೆ. ಹೀಗೆ ಹೇಳಿ ಅವರು ಜೀಪು ಹತ್ತಿದರು. ನಿಂತ ಕಂಬಳಿಯನ್ನು ಒಯ್ಯಲು ಮರೆತರೋ ಬೇಕೆಂದೇ ಬಿಟ್ಟರೋ ತಿಳಿಯದು. ಅದು ಪಡಸಾಲೆಯಲ್ಲಿ ಹಾಗೆಯೇ ನಿಂತಿತ್ತು. ಸಂಜೆ ಧೂಳಪ್ಪ ಅದನ್ನು ಮಲಗಿಸಿ ಬಾಗಿಲು ಹಾಕಿದ.

ಸಿದ್ದರಾಯ ಅಟ್ಟ ಹತ್ತಿ ಸುತ್ತಿಗೆ ಇಳಿಸಿದ. ಹೆಂಡತಿಗೆ ಒಂದು ಬಿರುಸು ಮಾತು ಆಡಲಿಲ್ಲ. ಆಡಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಓಣಿಯ ಕೆಲವು ಹೆಂಗಸರು ಮಾತ್ರ ಅವನ ಪಾಲಿನದನ್ನೂ ಸೇರಿಸಿ ಆಡಿದರು. ನೀರಿಗೆ ಹೋದರೆ ಮೋಡದಾಕಿ ಬಂದಳು ಎನ್ನುತ್ತಿದ್ದರು. ರೇವವ್ವ ಕೊಡ ತುಂಬಿಕೊಂಡು ಬರುತ್ತಿದ್ದಳು. ಗಂಜಿಯ ಗಡಿಗೆಯನ್ನು ಬೋರಲು ಹಾಕಿದಳು. ಸಗೀರಾ ಬೀಜ ತಂದರೆ ಬೇಡ ಎಂದಳು. ಕುಣಿಯ ಕಸ ಗುಡಿಸುವುದನ್ನೂ ಬಿಟ್ಟಳು.

ಚಳಿಗಾಲ, ಬೇಸಿಗೆ ಹೀಗೆಯೇ ಸವೆದವು. ಮಳೆ ಹಿಡಿದ ಮೇಲೆ ಸಿದ್ದರಾಯ ಎರಡು ಅಮಾವಾಸ್ಯೆಗೆ ಬರಲಿಲ್ಲ. ಕೆಮ್ಮು ಜೋರಾಗಿದೆ ಎಂದು ಅಲ್ಲಿಂದ ಬಂದವರು ಯಾರೋ ಹೇಳಿದರು. ಆಗ ರೇವವ್ವನಿಗೆ ಎಲ್ಲಿಯದೋ ಒಂದು ಛಲ ಬಂತು. ಕುಣಿಯನ್ನು ಮತ್ತೆ ಗುಡಿಸಿದಳು. ವಿಮಾನ ಹಾಳಾಗಿ ಹೋಗಲಿ, ಮೊದಲು ಕುರಿಗಾರರಿಗೆ, ಕೂಲಿಯವರಿಗೆ ನೇಯುತ್ತಿರಲಿಲ್ಲವೇ, ಅವರಿಗೇ ನೇಯ್ದರಾಯಿತು. ಅರೆಹೊಟ್ಟೆಯಾದರೂ ಮನೆಯಲ್ಲಿರೋಣ ಎಂದು ಹೇಳಿ ಕರೆದುಕೊಂಡೇ ಬರುತ್ತೇನೆ ಎಂದು ನಿಶ್ಚಯ ಮಾಡಿದಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟದ ಚೀಲದಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು. ಬಸ್ಸು ಸೋರುತ್ತಿತ್ತು. ಅವಳು ಮೇಲೆ ನೋಡಿದಳು, ಸರಿದು ಕುಳಿತಳು.

ಆಲಮಟ್ಟಿಯ ಕೂಲಿಯವರ ಕ್ಯಾಂಪು ಕೆಸರಿನಲ್ಲಿ ಹೂತಿತ್ತು. ಮಳೆಯಲ್ಲಿ ಜನ ಕಂಬಳಿಯ ಕೊಪ್ಪೆ ಹಾಕಿಕೊಂಡು ಓಡಾಡುತ್ತಿದ್ದರು. ಎದುರಿಗೆ ಬಂದ ಒಬ್ಬನ ಬೆನ್ನಿನ ಕಡೆ ಅವಳ ಕಣ್ಣು ಹೋಯಿತು. ಕಂಬಳಿಯ ಮೂಲೆಯಲ್ಲಿ ಕೆಂಪು ಕೋಳಿ. ಮುಂದೆ ಹೋದರೆ ಇನ್ನೊಂದು ಕೋಳಿ. ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ ಹೆಂಗಸರ ತಲೆಯ ಮೇಲೂ ಅವೇ. ರೇವವ್ವ ಕೆಸರಿನಲ್ಲಿ ನಿಂತುಬಿಟ್ಟಳು.

ಸಿದ್ದರಾಯ ತಗಡಿನ ಜೋಪಡಿಯಲ್ಲಿ ಕುಳಿತಿದ್ದ. ಇಳಿದುಹೋಗಿದ್ದ. ಅವನ ಹೆಗಲ ಮೇಲೂ ಒಂದು ಕಂಬಳಿ ಇತ್ತು. ಅವಳು ರೊಟ್ಟಿಯ ಗಂಟು ಬಿಚ್ಚಲಿಲ್ಲ, ಮೈ ಒರೆಸಿಕೊಳ್ಳಲಿಲ್ಲ. ಮೊದಲು ಆ ಕಂಬಳಿಯ ಅಂಚು ಹಿಡಿದು ನೋಡಿದಳು. ನೇಯ್ಗೆ ಅವನದಲ್ಲ, ಓಣಿಯ ಇನ್ನೊಬ್ಬ ನೇಕಾರ ಬೀರಣ್ಣನ ಮಗ್ಗದ್ದು. ಗಂಜಿ ಮಾತ್ರ ತನ್ನದು.

“ಸರ್ಕಾರದವರು ಹಂಚಿದ್ರು,” ಎಂದ ಸಿದ್ದರಾಯ. “ಇಮಾನದವರು ಬ್ಯಾಡಂದದ್ದು ಕ್ಯಾಂಪಿನ ಮಂದಿಗೆ ಪುಕ್ಕಟೆ ಕೊಟ್ರು. ಸುತ್ತಲ ಹಳ್ಳಿಯೊಳಗ ಕುರಿ ಕಾಯಾವರಿಗೂ ಸಿಕ್ಕಾವು. ನಾನೂ ಸಾಲಿನ್ಯಾಗ ನಿಂತು ಇಸಗೊಂಡೆ. ನಮ್ಮೂರಾಗ ಮಾಡಿದ್ದು ಅಂತ ಯಾರಿಗೂ ಹೇಳಿಲ್ಲ.”

ರೇವವ್ವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಗೋ ಹೊರಗೆ ಹಾಕಿದಳು. “ಮನಿಗೆ ನಡೀರಿ. ಮೊದಲಿನಾಂಗ ನೇಯೋಣು. ಕೂಲಿ ಮಂದಿ ತಗೋತಾರ, ಕುರಿಗಾರರು ತಗೋತಾರ.”

ಸಿದ್ದರಾಯ ಕೆಮ್ಮಿದ. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ತಗಡಿನ ತೂತಿನಿಂದ ನೀರು ಅವನ ಹೆಗಲ ಮೇಲೆ ಬಿದ್ದು, ಕಂಬಳಿಯ ಮೇಲೆ ಉರುಳಿ ನೆಲಕ್ಕೆ ಹೋಗುತ್ತಿತ್ತು.

“ಯಾರ ತಗೋತಾರ ರೇವಿ?” ಎಂದ ಅವನು ಮೆಲ್ಲಗೆ. “ಎಲ್ಲಾರಿಗೂ ಸಿಕ್ಕೈತಿ. ಹರದ ಮ್ಯಾಲ ತಗೊಂಡಾರು ಅನಬೇಕಂದ್ರ ಇವು ಹರಿಯೂವಲ್ಲ. ನಿನ್ನ ಗಂಜಿ. ಇಡೀ ಮಳಿಗಾಲ ಒಂದ ಹನಿ ಒಳಗ ಬಂದಿಲ್ಲ ನೋಡು.”

ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದ. ಹೆಂಡತಿಯ ಕೈಗುಣದ ಬಗ್ಗೆ ಅವನ ಬಾಯಲ್ಲಿ ಅಂಥ ಮಾತು ಅವಳು ಕೇಳಿದ್ದು ಅದೇ ಮೊದಲು. ಅದನ್ನು ಕೇಳಿ ರೇವವ್ವ ಅತ್ತಳು, ಸದ್ದಿಲ್ಲದೆ, ಬಹಳ ಹೊತ್ತು. ಸಿದ್ದರಾಯ ಕಂಬಳಿಯ ಅರ್ಧ ಬಿಡಿಸಿ ಅವಳ ತಲೆಯ ಮೇಲೆ ಎಳೆದ. ಇಬ್ಬರೂ ಅದರ ಕೆಳಗೆ ಕುಳಿತು ರೊಟ್ಟಿ ತಿಂದರು.

ಮಳೆ ನಿಲ್ಲಲಿಲ್ಲ. ಸಂಜೆಯ ಬಸ್ಸು ಹಾರ್ನ್ ಹೊಡೆಯುವುದು ಕೇಳಿಸಿತು. “ಬಸ್ಸ ಬಂತು,” ಎಂದ ಸಿದ್ದರಾಯ. ರೇವವ್ವ ಏಳಲಿಲ್ಲ. ಸೊಂಟದ ಚೀಲದಿಂದ ಮನೆಯ ಕೀಲಿ ತೆಗೆದಳು, ತಗಡಿನ ಗೋಡೆಯ ಮೊಳೆಗೆ ಅವನ ಸುತ್ತಿಗೆಯ ಪಕ್ಕದಲ್ಲಿ ತೂಗುಹಾಕಿದಳು.

“ನಾಳೆ ಮುಕಾದಮಗ ನನ್ನ ಹೆಸರೂ ಹೇಳ್ರಿ,” ಎಂದಳು.